ಗುತ್ತಿಯಲ್ಲಿ ಹುಟ್ಟಿದ ಗಣಿತ ಸಂಘ

ಬಳ್ಳಾರಿಯಿಂದ ಪೂರ್ವಾಭಿಮುಖವಾಗಿ ಹೊರಟು ಗುಂತಕಲ್ಲನ್ನು ದಾಟಿ ಮುಂದೆ ಸಾಗುವ ರೈಲ್ವೆ ಪ್ರಯಾಣಿಕನಿಗೆ, ಬಂಡೆಗಳ ರಾಶಿಯ ಮೇಲೆ ಬಂಡೆಗಳನ್ನೇ ಪೇರಿಸಿ ಕಟ್ಟಿದಂತಿರುವ ಗಿರಿದುರ್ಗವೊಂದು ಎದುರಾಗುತ್ತದೆ; ಅದು ಅನಂತಪುರ ಜಿಲ್ಲೆಯ ಗುತ್ತಿ. ಮುರಾರಿರಾಯ ಘೋರ್ಪಡೆಯ ಠಾಣ್ಯವಾಗಿದ್ದು 1776ರಲ್ಲಿ ಹೈದರಾಲಿಯ ವಶಕ್ಕೆ ಬಂದ ಕೋಟೆ ಇದೇ. 1827ರಲ್ಲಿ ಪತ್ತಿಕೊಂಡದ ಬಳಿ ವಾಂತಿಭೇದಿಗೆ ತುತ್ತಾದ ಮದರಾಸಿನ ಗವರ್ನರ್ ಸರ್ ತಾಮಸ್ ಮನ್ರೋ ಅವರ ಪಾರ್ಥಿವ ಶರೀರವನ್ನು ಮೊದಲು ಮಣ್ಣುಮಾಡಿದ್ದೂ ಇಲ್ಲಿಯೇ. ಯುದ್ಧ, ಕಂದಾಯ, ಆಡಳಿತ ಇವುಗಳ ಚರಿತ್ರೆಯಲ್ಲಿ ಹೀಗೆ ಹೆಸರು ಪಡೆದಿರುವ ಈ ಊರಿಗೆ, ಈ ಯಾವುದಕ್ಕೂ ಸಂಬಂಧಿಸದ ಮತ್ತೊಂದು ಕೀರ್ತಿಯೂ ಸಲ್ಲತಕ್ಕದ್ದಾಗಿದೆ: ಇಂದು ಭಾರತೀಯ ಗಣಿತ ಸಂಘವೆಂದು ಪ್ರಸಿದ್ಧವಾಗಿರುವ ಸಂಸ್ಥೆಯ ಮೊದಲ ಸಂಕಲ್ಪವು ಈ ಊರಿನಿಂದ ಹೊರಟ ಒಂದು ಪತ್ರದಲ್ಲಿ ರೂಪುಗೊಂಡಿತು. ವಿಶ್ವವಿದ್ಯಾನಿಲಯವಾಗಲಿ ಕಾಲೇಜಾಗಲಿ ಇಲ್ಲದ ತಾಲ್ಲೂಕು ಪಟ್ಟಣವೊಂದರಲ್ಲಿ, ಕಂದಾಯ ಇಲಾಖೆಯ ಅಧಿಕಾರಿಯೊಬ್ಬರ ಕೈಯಿಂದ, ಇಂಥದೊಂದು ವಿದ್ವತ್ಸಂಸ್ಥೆ ಹೇಗೆ ಹುಟ್ಟಿತು, ಹುಟ್ಟಿ ಹೇಗೆ ಬದುಕಿತು ಎಂಬುದನ್ನು ತಿಳಿಯುವುದು ಗಣಿತಜ್ಞರಿಗಷ್ಟೇ ಅಲ್ಲದೆ, ಸಂಘಸಂಸ್ಥೆಗಳನ್ನು ನಡೆಸುವ ಭಾರ ಹೊತ್ತವರೆಲ್ಲರಿಗೂ ಪ್ರಯೋಜನಕರವಾದ ಸಂಗತಿ.

ಆ ಅಧಿಕಾರಿ ವಿ. ರಾಮಸ್ವಾಮಿ ಅಯ್ಯರ್. 1871ರಲ್ಲಿ ಜನಿಸಿದ ಅವರು ವಿದ್ಯಾರ್ಥಿದೆಸೆಯಲ್ಲಿಯೇ ಇಂಗ್ಲೆಂಡಿನ ‘ಎಜುಕೇಶನಲ್ ಟೈಮ್ಸ್’ ಪತ್ರಿಕೆಗೆ ಗಣಿತದ ಲೇಖನಗಳನ್ನೂ ಪ್ರಶ್ನೆಗಳನ್ನೂ ಕಳುಹಿಸುತ್ತಿದ್ದರೆಂದೂ, ಬರಹದ ಪ್ರೌಢಿಮೆಯನ್ನು ಕಂಡ ಆ ಪತ್ರಿಕೆಯವರು ಇವರನ್ನು ಪ್ರೊಫೆಸರ್ ಎಂದೇ ಭಾವಿಸಿ ಹಾಗೆ ಸಂಬೋಧಿಸಿದರೆಂದೂ, ಅಂದಿನಿಂದ ಸ್ನೇಹಿತರ ನಡುವೆ ಅವರು ಪ್ರೊಫೆಸರ್ ರಾಮಸ್ವಾಮಿಯೇ ಆಗಿಬಿಟ್ಟರೆಂದೂ ಹೇಳುವುದುಂಟು. ಉದ್ಯೋಗದಲ್ಲಿ ಅವರು ಡೆಪ್ಯುಟಿ ಕಲೆಕ್ಟರರು. ಹಗಲೆಲ್ಲ ಜಮಾಬಂದಿ, ಪಟ್ಟೆ, ಮೊಕದ್ದಮೆಗಳ ಕಡತಗಳಲ್ಲಿ ಮುಳುಗಿದ್ದು ಸಂಜೆ ರೇಖಾಗಣಿತಕ್ಕೆ ಹಿಂತಿರುಗುವ ಇಂಥ ಮನುಷ್ಯನಿಗೆ ಆ ಕಾಲದಲ್ಲಿ ಇದ್ದ ಮುಖ್ಯವಾದ ಕೊರತೆಯೆಂದರೆ ಪುಸ್ತಕಗಳದು. 1857ರಲ್ಲಿ ಸ್ಥಾಪಿತವಾದ ಕಲ್ಕತ್ತ, ಮುಂಬಯಿ, ಮದರಾಸುಗಳ ವಿಶ್ವವಿದ್ಯಾನಿಲಯಗಳು ಅರ್ಧ ಶತಮಾನದವರೆಗೆ ಬಹುಮಟ್ಟಿಗೆ ಪರೀಕ್ಷೆ ನಡೆಸಿ ಪದವಿ ನೀಡುವ ಸಂಸ್ಥೆಗಳಾಗಿದ್ದುವು, ಎಂ.ಎ. ಪರೀಕ್ಷೆಯನ್ನು ದಾಟಿದ ಮೇಲೆ ಗಣಿತದಲ್ಲಿ ಮುಂದೇನಿದೆ, ಐರೋಪ್ಯ ವಿದ್ವಾಂಸರು ಈಗ ಏನನ್ನು ಚಿಂತಿಸುತ್ತಿದ್ದಾರೆ ಎಂಬುದನ್ನು ತಿಳಿಸಬಲ್ಲ ನಿಯತಕಾಲಿಕೆಗಳು ಕಾಲೇಜುಗಳ ಗ್ರಂಥಭಂಡಾರಗಳಲ್ಲಿಯೇ ದುರ್ಲಭವಾಗಿದ್ದಾಗ, ಗುತ್ತಿಯಂಥ ಊರಿನ ನಿವಾಸಿಗೆ ಅವು ದೊರೆಯುವ ಮಾತೆಲ್ಲಿ?

1906ರ ಡಿಸೆಂಬರ್ 25ರಂದು ರಾಮಸ್ವಾಮಿ ಅಯ್ಯರ್ ತಮ್ಮ ಗಣಿತಾಸಕ್ತ ಮಿತ್ರರಿಗೆ ಒಂದು ಪತ್ರ ಬರೆದರು. ಅದರ ಸಾರಾಂಶ ಸರಳವಾದದ್ದು: ನಾವು ಕೆಲವರು ಸೇರಿ ಒಂದು ಸಣ್ಣ ಸಂಘವನ್ನು ಕಟ್ಟಿಕೊಳ್ಳೋಣ, ತಲೆಗೆ ವರ್ಷಕ್ಕೆ 25 ರೂಪಾಯಿಯಂತೆ ಚಂದಾ ಹಾಕಿ, ಆ ಹಣದಿಂದ ಸಾಧ್ಯವಾದಷ್ಟು ಗಣಿತ ಪತ್ರಿಕೆಗಳನ್ನೂ ಗ್ರಂಥಗಳನ್ನೂ ತರಿಸೋಣ, ಅವುಗಳನ್ನು ಎಲ್ಲರೂ ಹಂಚಿಕೊಂಡು ಓದೋಣ. ಇಪ್ಪತ್ತೈದು ರೂಪಾಯಿ ಆ ಕಾಲದಲ್ಲಿ ಅಲ್ಪಮೊತ್ತವಾಗಿರಲಿಲ್ಲವೆಂಬುದನ್ನು ಅರಿಯಬೇಕಾದರೆ, ಕೆಲವೇ ವರ್ಷಗಳ ತರುವಾಯ, 1912ರಲ್ಲಿ, ಮದರಾಸು ಬಂದರಿನ ಕಚೇರಿಯಲ್ಲಿ ಗುಮಾಸ್ತೆಯಾಗಿ ಸೇರಿದ ಶ್ರೀನಿವಾಸ ರಾಮಾನುಜನ್ ಅವರ ತಿಂಗಳ ಸಂಬಳ 30 ರೂಪಾಯಿಯಾಗಿತ್ತೆಂಬುದನ್ನು ನೆನೆದರೆ ಸಾಕು. ಆದಾಗ್ಯೂ ಪತ್ರಕ್ಕೆ ಉತ್ತರಗಳು ಬಂದುವು. 1907ರ ಏಪ್ರಿಲ್ 4ರಂದು ಇಪ್ಪತ್ತು ಮಂದಿ ಸ್ಥಾಪಕ ಸದಸ್ಯರೊಡನೆ ‘ಅನಲಿಟಿಕ್ ಕ್ಲಬ್’ ಎಂಬ ಹೆಸರಿನ ಸಂಘವು ಅಸ್ತಿತ್ವಕ್ಕೆ ಬಂದಿತು. ಸ್ವಲ್ಪಕಾಲದಲ್ಲಿಯೇ ಅದು ‘ಇಂಡಿಯನ್ ಮ್ಯಾಥಮ್ಯಾಟಿಕಲ್ ಕ್ಲಬ್’ ಆಯಿತು. 1910ರಲ್ಲಿ ಹೊಸ ನಿಬಂಧನೆಗಳೊಡನೆ ‘ಇಂಡಿಯನ್ ಮ್ಯಾಥಮ್ಯಾಟಿಕಲ್ ಸೊಸೈಟಿ’ ಎಂಬ ಈಗಿನ ಹೆಸರನ್ನು ಧರಿಸಿತು. ಮದರಾಸಿನ ಎಂಜಿನಿಯರಿಂಗ್ ಕಾಲೇಜಿನಲ್ಲಿ ಗಣಿತದ ಪ್ರಾಧ್ಯಾಪಕರಾಗಿದ್ದ ಬಿ. ಹನುಮಂತರಾವ್ ಮೊದಲ ಅಧ್ಯಕ್ಷರಾದರು. ಸಂಘದ ಜನಕರಾದ ರಾಮಸ್ವಾಮಿ ಅಯ್ಯರ್ ತಮಗೆ ಉಳಿಸಿಕೊಂಡದ್ದು ಕಾರ್ಯದರ್ಶಿಯ ಸ್ಥಾನವನ್ನು, ಅಂದರೆ ಪತ್ರ ಬರೆಯುವ, ಚಂದಾ ವಸೂಲು ಮಾಡುವ, ಲೆಕ್ಕ ಒಪ್ಪಿಸುವ ಕೆಲಸವನ್ನು. ಅಧ್ಯಕ್ಷಪದವಿ ಅವರನ್ನು ಅರಸಿಕೊಂಡು ಬಂದದ್ದು ಸುಮಾರು ಇಪ್ಪತ್ತು ವರ್ಷಗಳ ಮೇಲೆ, 1926ರಲ್ಲಿ.

ಗಣಿತಪ್ರೇಮಿಗಳು ಒಂದೆಡೆ ಸೇರಿ ಸಂಘ ಕಟ್ಟಿಕೊಳ್ಳುವುದು ಲೋಕದಲ್ಲಿ ಹೊಸತೇನೂ ಆಗಿರಲಿಲ್ಲ. ಲಂಡನ್ನಿನ ಸ್ಪಿಟಲ್‌ಫೀಲ್ಡ್ಸ್ ಎಂಬ ನೇಕಾರರ ಕೇರಿಯಲ್ಲಿ 1717ರಷ್ಟು ಹಿಂದೆಯೇ ಗಣಿತ ಸಂಘವೊಂದು ಹುಟ್ಟಿ ನೂರಿಪ್ಪತ್ತೈದು ವರ್ಷಕ್ಕೂ ಮಿಕ್ಕಿ ನಡೆದಿತ್ತು; ಒಬ್ಬ ಸದಸ್ಯನು ಇನ್ನೊಬ್ಬನನ್ನು ಗಣಿತದ ಪ್ರಶ್ನೆ ಕೇಳಿದರೆ, ಕೇಳಲ್ಪಟ್ಟವನು ತನಗೆ ತಿಳಿದಮಟ್ಟಿಗೆ ಸುಲಭವಾಗಿ ಬಿಡಿಸಿ ಹೇಳತಕ್ಕದ್ದೆಂಬುದು ಆ ನೇಕಾರರ ಸಂಘದ ಪ್ರಸಿದ್ಧವಾದ ನಿಯಮ. 1865ರಲ್ಲಿ ಲಂಡನ್ ಗಣಿತ ಸಂಘವೂ, 1883ರಲ್ಲಿ ಎಡಿನ್‌ಬರೋ ಗಣಿತ ಸಂಘವೂ ಸ್ಥಾಪಿತವಾಗಿದ್ದುವು. ನಮ್ಮ ದೇಶದಲ್ಲಿಯೇ, ಗುತ್ತಿಯ ಸಂಘ ಹುಟ್ಟಿದ ಮರುವರ್ಷ, 1908ರಲ್ಲಿ, ಸರ್ ಆಶುತೋಷ ಮುಖರ್ಜಿಯವರ ಅಧ್ಯಕ್ಷತೆಯಲ್ಲಿ ಕಲ್ಕತ್ತ ಗಣಿತ ಸಂಘವು ಪ್ರಾರಂಭವಾಯಿತು. ಗಣೇಶ ಪ್ರಸಾದರು 1918ರಲ್ಲಿ ಕಾಶಿಯಲ್ಲಿ ಮತ್ತೊಂದನ್ನು ಸ್ಥಾಪಿಸಿದರು. ಆದರೆ ಇವೆಲ್ಲ ಒಂದೊಂದು ನಗರವನ್ನು ಆಶ್ರಯಿಸಿ ಬೆಳೆದ ಸಂಘಗಳು. ಒಂದೇ ಕೇರಿಯ ನೇಕಾರರಿಗೆ ಸಂಜೆ ಒಂದೆಡೆ ಕಲೆಯುವುದು ಸುಲಭ. ವಿಶ್ವವಿದ್ಯಾನಿಲಯದ ಸುತ್ತ ವಾಸಿಸುವ ಕಲ್ಕತ್ತೆಯ ವಿದ್ವಾಂಸರಿಗೂ ಅದು ದುಸ್ಸಾಧ್ಯವಲ್ಲ. ರಾಮಸ್ವಾಮಿ ಅಯ್ಯರ್ ಅವರ ಸದಸ್ಯರಾದರೋ ಮದರಾಸು, ಮುಂಬಯಿ ಆಧಿಪತ್ಯಗಳಲ್ಲಿಯೂ ಮೈಸೂರು ಸಂಸ್ಥಾನದಲ್ಲಿಯೂ ಚದರಿಹೋಗಿದ್ದವರು. ಕಾಲೇಜೊಂದಕ್ಕೆ ಒಬ್ಬಿಬ್ಬರಂತೆ, ಜಿಲ್ಲೆಯೊಂದಕ್ಕೆ ಒಬ್ಬರಂತೆ, ತಮ್ಮ ಊರಿನಲ್ಲಿ ತಮ್ಮ ಮಾತನ್ನು ಕೇಳಬಲ್ಲ ಎರಡನೆಯವನಿಲ್ಲದೆ ಇದ್ದವರು. ಇಂಥವರ ಸಂಘಕ್ಕೆ ಸಭಾಮಂದಿರವಾಗಬಲ್ಲದ್ದು ಸರ್ಕಾರದ ಅಂಚೆಯೊಂದೇ.

ಆದಕಾರಣ ಈ ಸಂಘದ ಮೊದಲ ವರ್ಷಗಳ ಚರಿತ್ರೆಯೆಂದರೆ ಪಾರ್ಸೆಲುಗಳ ಚರಿತ್ರೆ. ಗ್ರಂಥಭಂಡಾರವನ್ನು ಇರಿಸುವುದಕ್ಕೆ ಪುಣೆಯ ಫರ್ಗ್ಯುಸನ್ ಕಾಲೇಜು ಆಯ್ಕೆಯಾಯಿತು. 1899ರಲ್ಲಿ ಕೇಂಬ್ರಿಜ್ಜಿನ ಗಣಿತ ಪರೀಕ್ಷೆಯಲ್ಲಿ ಮೊದಲ ಸ್ಥಾನ ಪಡೆದು ಸೀನಿಯರ್ ರ್ಯಾಂಗ್ಲರ್ ಆಗಿ, ಆ ಪ್ರಶಸ್ತಿಯನ್ನು ಪಡೆದ ಮೊದಲ ಭಾರತೀಯರೆನಿಸಿ, ಬಳಿಕ ಸ್ವಲ್ಪ ಸಂಬಳಕ್ಕೆ ಆ ಕಾಲೇಜಿನ ಸೇವೆಗೆ ತಮ್ಮನ್ನು ಒಪ್ಪಿಸಿಕೊಂಡಿದ್ದ ರಘುನಾಥ ಪುರುಷೋತ್ತಮ ಪರಾಂಜಪೆಯವರು ಅಲ್ಲಿ ಪ್ರಿನ್ಸಿಪಾಲರಾಗಿದ್ದರು. ಅವರೇ ಸಂಘದ ಗ್ರಂಥಪಾಲಕರೂ ಆದರು. ಇಂಗ್ಲೆಂಡಿನಿಂದಲೂ ಯೂರೋಪು ಖಂಡದಿಂದಲೂ ಹಡಗಿನಲ್ಲಿ ಬಂದ ಪತ್ರಿಕೆಗಳು ಸದಸ್ಯರಿಂದ ಸದಸ್ಯರಿಗೆ ಸರದಿಯ ಮೇರೆಗೆ ಸಂಚರಿಸಿ, ಓದಿಸಿಕೊಂಡು, ಮತ್ತೆ ಪುಣೆಯ ಕಪಾಟನ್ನು ಸೇರತಕ್ಕದ್ದೆಂಬುದು ವ್ಯವಸ್ಥೆ. ಹೇಳುವುದಕ್ಕೆ ಸುಲಭವಾದ ಈ ವ್ಯವಸ್ಥೆಯನ್ನು ನಡೆಸುವುದರ ಕಷ್ಟವನ್ನು, ಎರವಲು ಕೊಟ್ಟ ಪುಸ್ತಕವನ್ನು ಹಿಂದಕ್ಕೆ ಪಡೆಯಲು ಹೆಣಗಿದ ಯಾರು ಬೇಕಾದರೂ ಊಹಿಸಿಕೊಳ್ಳಬಹುದು. ಒಬ್ಬರು ತಡಮಾಡಿದರೆ ಅವರ ಮುಂದಿನವರೆಲ್ಲರೂ ಕಾಯಬೇಕು. ಒಂದು ಸಂಚಿಕೆ ಕಳೆದುಹೋದರೆ ಅದನ್ನು ಸಮುದ್ರದಾಚೆಯಿಂದ ಮತ್ತೆ ತರಿಸಬೇಕು. ಇಂಥ ಸಂಘವು ಉಳಿಯುವುದು ಪ್ರತಿಭೆಯ ಬಲದಿಂದಲ್ಲ, ವಾಯಿದೆಗೆ ಸರಿಯಾಗಿ ಪೊಟ್ಟಣ ಕಟ್ಟಿ ವಿಳಾಸ ಬರೆಯುವವರ ನಿಷ್ಠೆಯಿಂದ. ಅಂಥ ನಿಷ್ಠೆಯುಳ್ಳವರು ಇಪ್ಪತ್ತು ಮಂದಿ ದೊರೆತದ್ದು ರಾಮಸ್ವಾಮಿ ಅಯ್ಯರ್ ಅವರ ಭಾಗ್ಯವೆಂದೇ ಹೇಳಬೇಕು.

ಓದುವುದರಿಂದ ಬರೆಯುವುದಕ್ಕೆ ಸಂಘವು ಮುನ್ನಡೆದದ್ದು 1909ರಲ್ಲಿ. ಆ ವರ್ಷ ಪ್ರಾರಂಭವಾದ ಸಂಘದ ಸ್ವಂತ ಪತ್ರಿಕೆಗೆ ಸಂಪಾದಕರಾಗಿ ನಿಯುಕ್ತರಾದವರು ನಮ್ಮ ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಗಣಿತದ ಪ್ರಾಧ್ಯಾಪಕರಾದ ಎಂ. ಟಿ. ನಾರಣಯ್ಯಂಗಾರ್; 1927ರವರೆಗೆ, ಅಂದರೆ ಹದಿನೆಂಟು ವರ್ಷಗಳ ದೀರ್ಘಕಾಲ, ಆ ಭಾರವನ್ನು ಅವರು ಹೊತ್ತರು. ತ್ರಿಕೋನವೊಂದರ ಮೂರು ಕೋನಗಳನ್ನೂ ಸಮಭಾಗವಾಗಿ ಮೂರು ಮೂರಾಗಿ ವಿಭಾಗಿಸುವ ರೇಖೆಗಳನ್ನು ಎಳೆದರೆ, ಒಂದೊಂದು ಭುಜಕ್ಕೂ ಸಮೀಪದ ರೇಖೆಗಳ ಜೋಡಿಗಳು ಸಂಧಿಸುವ ಮೂರು ಬಿಂದುಗಳು ಯಾವಾಗಲೂ ಸಮಬಾಹು ತ್ರಿಕೋನವನ್ನೇ ರಚಿಸುತ್ತವೆಂಬ ಆಶ್ಚರ್ಯಕರವಾದ ಪ್ರಮೇಯವೊಂದುಂಟು. 1899ರಲ್ಲಿ ಫ್ರಾಂಕ್ ಮಾರ್ಲಿ ಎಂಬ ವಿದ್ವಾಂಸರು ಕಂಡುಹಿಡಿದ ಈ ಪ್ರಮೇಯಕ್ಕೆ ಕೇವಲ ಶಾಲೆಯ ರೇಖಾಗಣಿತದಿಂದಲೇ ಸಾಧ್ಯವಾಗುವ ಉಪಪತ್ತಿಯನ್ನು ನಾರಣಯ್ಯಂಗಾರ್ ಅವರು 1909ರಲ್ಲಿ ‘ಎಜುಕೇಶನಲ್ ಟೈಮ್ಸ್’ನಲ್ಲಿ ಕೊಟ್ಟರು. ಅದನ್ನು ರೇಖಾಗಣಿತದ ಗ್ರಂಥಕಾರರು ಇಂದಿಗೂ ಅವರ ಹೆಸರಿನೊಡನೆ ಸ್ಮರಿಸುತ್ತಾರೆ. ಹೀಗೆ ತಾವೇ ಸೃಷ್ಟಿಶೀಲರಾಗಿದ್ದವರು, ಇತರರ ಹಸ್ತಪ್ರತಿಗಳನ್ನು ತಿದ್ದುವುದಕ್ಕೂ ಕರಡಚ್ಚುಗಳಲ್ಲಿ ಘಾತಾಂಕ ಚಿಹ್ನಾಂಕಗಳ ತಪ್ಪುಗಳನ್ನು ಹೆಕ್ಕುವುದಕ್ಕೂ ತಮ್ಮ ಬಿಡುವಿನ ವೇಳೆಯನ್ನು ಇಷ್ಟು ವರ್ಷ ವ್ಯಯಿಸಿದರೆಂಬುದು ಸಣ್ಣ ತ್ಯಾಗವಲ್ಲ. ಗಣಿತದ ಅಚ್ಚು ಕೆಲಸದ ಕಷ್ಟವು ಬಲ್ಲವರಿಗೆ ಮಾತ್ರ ಗೊತ್ತು: ಸಾಮಾನ್ಯ ಗದ್ಯದಲ್ಲಿ ಒಂದು ಅಕ್ಷರ ತಪ್ಪಿದರೆ ಓದುಗನು ಅರ್ಥವನ್ನು ಊಹಿಸಿಕೊಂಡಾನು, ಸಮೀಕರಣದಲ್ಲಿ ಒಂದು ಚಿಹ್ನೆ ತಪ್ಪಿದರೆ ಇಡೀ ವಾದವೇ ಕುಸಿಯುತ್ತದೆ.

ಪತ್ರಿಕೆಯ ಅಂಗಗಳಲ್ಲಿ ಸಂಘದ ಜೀವಾಳವೆನ್ನತಕ್ಕದ್ದು ಪ್ರಶ್ನೆಗಳ ವಿಭಾಗ. ಸದಸ್ಯರು ಕಳುಹಿಸಿದ ಪ್ರಶ್ನೆಗಳಿಗೆ ಕ್ರಮಸಂಖ್ಯೆ ಕೊಟ್ಟು ಅಚ್ಚುಹಾಕುವುದು, ಉತ್ತರಗಳು ಬಂದಂತೆ ಮುಂದಿನ ಸಂಚಿಕೆಗಳಲ್ಲಿ ಪ್ರಕಟಿಸುವುದು: ಇದು ಇಂಗ್ಲೆಂಡಿನ ಪತ್ರಿಕೆಗಳಲ್ಲಿ ಬಹುಕಾಲದಿಂದ ಬಂದ ಪದ್ಧತಿ. ಆದರೆ ಪ್ರಶ್ನೆ ಒಡ್ಡಿ ಎದುರಾಳಿಯ ಬುದ್ಧಿಯನ್ನು ಕೆಣಕುವ ಸಂಪ್ರದಾಯವು ನಮ್ಮವರಿಗೂ ಅಪರಿಚಿತವಲ್ಲ. ರಾಷ್ಟ್ರಕೂಟ ಅಮೋಘವರ್ಷನ ಕಾಲದ ಮಹಾವೀರಾಚಾರ್ಯರ ‘ಗಣಿತಸಾರಸಂಗ್ರಹ’ದಲ್ಲಿ, ಬಲ್ಲೆಯಾದರೆ ಹೇಳು ಎಂಬ ಧಾಟಿಯಲ್ಲಿ ಸಾಗುವ ಉದಾಹರಣೆಗಳ ಸಾಲೇ ಇದೆ. ಆ ಪ್ರಾಚೀನ ಗ್ರಂಥವು ಎಂ. ರಂಗಾಚಾರ್ಯರ ಇಂಗ್ಲಿಷ್ ಅನುವಾದದೊಡನೆ ಮದರಾಸಿನಲ್ಲಿ ಅಚ್ಚಾಗಿ ಹೊರಬಂದದ್ದು 1912ರಲ್ಲಿ, ಈ ಹೊಸ ಪತ್ರಿಕೆಯ ಪ್ರಶ್ನೆಗಳು ಊರೂರಿನ ಸದಸ್ಯರನ್ನು ರಾತ್ರಿ ಎಚ್ಚರವಾಗಿರಿಸುತ್ತಿದ್ದ ವರ್ಷಗಳಲ್ಲಿಯೇ. ಪ್ರಶ್ನೆಗಳ ವಿಭಾಗಕ್ಕೆ ಇನ್ನೊಂದು ಗುಣವೂ ಉಂಟು. ಪ್ರೌಢಲೇಖನವನ್ನು ಬರೆಯಲಾರದ ಹೈಸ್ಕೂಲಿನ ಉಪಾಧ್ಯಾಯನೂ ಒಂದು ಪ್ರಶ್ನೆಯನ್ನು ಬಿಡಿಸಬಲ್ಲನು. ಬಿಡಿಸಿದವನ ಹೆಸರು ಅಚ್ಚಾಗುತ್ತದೆ. ಹೆಸರು ಅಚ್ಚಾದವನು ಮರುವರ್ಷದ ಚಂದಾವನ್ನು ಕೇಳದೆಯೇ ಕಳುಹಿಸುತ್ತಾನೆ. ಸಂಘದ ವಿದ್ಯೆಗೂ ಬೊಕ್ಕಸಕ್ಕೂ ಏಕಕಾಲದಲ್ಲಿ ಪುಷ್ಟಿ ಕೊಡುವ ಉಪಾಯ ಇದಕ್ಕಿಂತ ಮಿಗಿಲಾದದ್ದು ದುರ್ಲಭ.

ಈ ವ್ಯವಸ್ಥೆಯ ಸಾರ್ಥಕ್ಯವು ಪ್ರಕಟವಾದದ್ದು 1910-11ರ ಸುಮಾರಿನಲ್ಲಿ. ರಾಮಸ್ವಾಮಿ ಅಯ್ಯರ್ ಆಗ ತಿರುಕ್ಕೋಯಿಲೂರಿನಲ್ಲಿ ಡೆಪ್ಯುಟಿ ಕಲೆಕ್ಟರರಾಗಿದ್ದರು. ಕಾಲೇಜಿನ ಪರೀಕ್ಷೆಯಲ್ಲಿ ತೇರ್ಗಡೆಯಾಗದ, ಕೆಲಸವಿಲ್ಲದ ತರುಣನೊಬ್ಬನು ಕೈಯಲ್ಲಿ ಟಿಪ್ಪಣಿಪುಸ್ತಕಗಳನ್ನು ಹಿಡಿದು ಅವರಲ್ಲಿಗೆ ಬಂದು, ತಾಲ್ಲೂಕು ಕಚೇರಿಯಲ್ಲಿ ಒಂದು ಗುಮಾಸ್ತೆಗಿರಿಯನ್ನು ಬೇಡಿದನು. ಪುಸ್ತಕಗಳನ್ನು ತೆರೆದು ನೋಡಿದ ಅಯ್ಯರ್, ಇಂಥ ಪ್ರತಿಭೆಯನ್ನು ಕಂದಾಯ ಇಲಾಖೆಯ ಕೆಳಮೆಟ್ಟಲಿನಲ್ಲಿ ಹೂತುಹಾಕುವುದಕ್ಕೆ ತಮಗೆ ಮನಸ್ಸಿಲ್ಲವೆಂದು ತೀರ್ಮಾನಿಸಿ, ಮದರಾಸಿನ ತಮ್ಮ ಮಿತ್ರರಿಗೆ ಪರಿಚಯಪತ್ರಗಳನ್ನು ಕೊಟ್ಟು ಕಳುಹಿಸಿದರು. ಆ ಮಿತ್ರರೆಲ್ಲ ಬಹುಮಟ್ಟಿಗೆ ಸಂಘದ ಬಳಗದವರೇ: ಪಿ. ವಿ. ಶೇಷು ಅಯ್ಯರ್ ಅಂಥವರಲ್ಲೊಬ್ಬರು. ತಿಂಗಳಿಗೆ 25 ರೂಪಾಯಿಯಂತೆ ತರುಣನಿಗೆ ಆಧಾರ ಕೊಟ್ಟ ನೆಲ್ಲೂರಿನ ಕಲೆಕ್ಟರ್ ಆರ್. ರಾಮಚಂದ್ರರಾವ್ ಮತ್ತೊಬ್ಬರು. ಆ ತರುಣನು ಶ್ರೀನಿವಾಸ ರಾಮಾನುಜನ್ ಎಂಬುದನ್ನು ಹೇಳಬೇಕಾಗಿಲ್ಲ.

1911ರ ಪತ್ರಿಕೆಯಲ್ಲಿ ರಾಮಾನುಜನ್ 289ನೆಯ ಪ್ರಶ್ನೆಯಾಗಿ, ವರ್ಗಮೂಲದೊಳಗೆ ವರ್ಗಮೂಲವನ್ನು ಅನಂತವಾಗಿ ಹುದುಗಿಸಿದ ಒಂದು ಪದಪುಂಜವನ್ನು ಕೊಟ್ಟು ಅದರ ಬೆಲೆಯನ್ನು ಕೇಳಿದರು. ಕೆಲವು ಸಂಚಿಕೆಗಳು ಕಳೆದರೂ ಉತ್ತರ ಬರಲಿಲ್ಲ. ಕೊನೆಗೆ ಅವರೇ ಉತ್ತರಿಸಿದರು. ಬೆಲೆ ಮೂರು ಎಂಬಷ್ಟು ಸರಳವಾದ ಫಲಿತಾಂಶ ಅದು. ಅದೇ ವರ್ಷದ ಡಿಸೆಂಬರಿನಲ್ಲಿ ಬರ್ನೂಲಿ ಸಂಖ್ಯೆಗಳ ಗುಣಗಳನ್ನು ಕುರಿತ ಅವರ ಮೊದಲ ಪ್ರಬಂಧವು ಪ್ರಕಟವಾಯಿತು. ಪ್ರಕಟವಾಗುವುದಕ್ಕೆ ಮುನ್ನ ಆ ಹಸ್ತಪ್ರತಿಯು ಬೆಂಗಳೂರಿಗೂ ಮದರಾಸಿಗೂ ಒಂದಕ್ಕಿಂತ ಹೆಚ್ಚು ಬಾರಿ ಓಡಾಡಿತು. ಏಕೆಂದರೆ ರಾಮಾನುಜನ್ ಅವರ ವಿಧಾನವು ಎಷ್ಟು ಹೊಸತಾಗಿತ್ತೋ ನಿರೂಪಣೆಯು ಅಷ್ಟೇ ಸಂಕ್ಷಿಪ್ತವೂ ಅಸ್ಪಷ್ಟವೂ ಆಗಿತ್ತು. ಇಲ್ಲಿ ನಾರಣಯ್ಯಂಗಾರ್ ಅವರ ನಡತೆ ಮನನೀಯವಾದದ್ದು. ಪದವಿಯಿಲ್ಲದ, ಹೆಸರಿಲ್ಲದ ಬರಹಗಾರನ ದುರ್ಬೋಧವಾದ ಕಾಗದಗಳನ್ನು ತಳ್ಳಿಹಾಕುವುದು ಸುಲಭವಾಗಿತ್ತು. ಮರುಕದಿಂದ ಇದ್ದದ್ದನ್ನು ಇದ್ದಹಾಗೆಯೇ ಅಚ್ಚುಹಾಕಿಬಿಡುವುದೂ ಸುಲಭವಾಗಿತ್ತು. ಅವರು ಎರಡನ್ನೂ ಮಾಡದೆ, ಸಾಮಾನ್ಯ ಓದುಗನಿಗೆ ಅರ್ಥವಾಗುವಂತೆ ತಿದ್ದಿ ಬರೆಯಿರೆಂದು ಹಿಂದಿರುಗಿಸಿದರು, ಮತ್ತೆ ಬಂದಾಗ ಮತ್ತೆ ಓದಿದರು. ರಾಮಾನುಜನ್ ಕೇಂಬ್ರಿಜ್ಜಿನ ಗಣಿತಜ್ಞ ಹಾರ್ಡಿಯವರಿಗೆ ತಮ್ಮ ಸುಪ್ರಸಿದ್ಧವಾದ ಮೊದಲ ಪತ್ರವನ್ನು ಬರೆದದ್ದು 1913ರ ಜನವರಿಯಲ್ಲಿ. ಅದಕ್ಕೆ ಒಂದು ವರ್ಷ ಮೊದಲೇ ಅವರ ಬರಹವು ಅಚ್ಚಿನಲ್ಲಿ ಕಾಣಿಸಿಕೊಂಡಿತ್ತು. ಮುಂದೆ ಅವರು ಆ ಪತ್ರಿಕೆಗೆ ಐವತ್ತಕ್ಕೂ ಮಿಕ್ಕ ಪ್ರಶ್ನೆಗಳನ್ನು ಕಳುಹಿಸಿದರು. 1920ರಲ್ಲಿ ಅವರು ಅಕಾಲಿಕವಾಗಿ ತೀರಿಕೊಂಡಾಗ ಶೇಷು ಅಯ್ಯರ್, ರಾಮಚಂದ್ರರಾವ್ ಇಬ್ಬರ ಶ್ರದ್ಧಾಂಜಲಿಗಳೂ ಅದೇ ಪತ್ರಿಕೆಯಲ್ಲಿ ಪ್ರಕಟವಾದುವು.

ರಾಮಾನುಜನ್ ಅವರ ಮೊದಲ ಪ್ರಬಂಧವು ಅಚ್ಚಾಗುವ ಹೊತ್ತಿಗೂ ಸಂಘದ ಸಮ್ಮೇಳನವೆಂಬುದು ಒಂದೂ ನಡೆದಿರಲಿಲ್ಲವೆಂಬುದು ಗಮನಾರ್ಹ. ಮೊದಲ ಸಮ್ಮೇಳನವು ಮದರಾಸಿನಲ್ಲಿ ಸೇರಿದ್ದು 1916ರಲ್ಲಿ, ಸ್ಥಾಪನೆಯಾದ ಒಂಬತ್ತು ವರ್ಷಗಳ ತರುವಾಯ. ಇಂದಿನ ಸಂಘಗಳು ಉದ್ಘಾಟನೆಯಿಂದ ಪ್ರಾರಂಭಿಸಿ, ಆಮೇಲೆ ಕೆಲಸವನ್ನು ಹುಡುಕಿಕೊಳ್ಳುವುದುಂಟು. ಇವರು ಒಂಬತ್ತು ವರ್ಷ ಕೆಲಸ ಮಾಡಿ, ಆಮೇಲೆ ಪರಸ್ಪರ ಮುಖ ನೋಡಲು ಸೇರಿದರು. ಪರಸ್ಪರರ ಕೈಬರಹವನ್ನು ಬಲ್ಲವರು, ಒಬ್ಬರ ಪ್ರಶ್ನೆಗೆ ಒಬ್ಬರು ಉತ್ತರಿಸಿದವರು ಸೇರಿದ ಸಭೆಯಲ್ಲಿ ಪರಿಚಯದ ಉಪಚಾರಗಳಿಗೆ ಕಾಲ ವ್ಯರ್ಥವಾಗತಕ್ಕದ್ದಿಲ್ಲ; ಚರ್ಚೆಯು ಪತ್ರದಲ್ಲಿ ನಿಂತಿದ್ದ ಸಾಲಿನಿಂದಲೇ ಮುಂದುವರಿಯಬಹುದು.

ಸಮ್ಮೇಳನವನ್ನು ಯೋಜಿಸುವ ಕಾರ್ಯವೂ ಒಂದು ಬಗೆಯ ಅನಿರ್ಧಾರ್ಯ ಸಮೀಕರಣವೇ ಸರಿ. ಅವ್ಯಕ್ತರಾಶಿಗಳು ಹೆಚ್ಚು, ಸಮೀಕರಣಗಳು ಕಡಿಮೆ. ಸದಸ್ಯರಲ್ಲಿ ಬಹುಮಂದಿ ಅಧ್ಯಾಪಕರಾದ್ದರಿಂದ ಕಾಲೇಜುಗಳಿಗೆ ಬಿಡುವಿರುವಾಗಲೇ ಸೇರಬೇಕು. ಬೇಸಗೆಯ ರಜೆ ದೀರ್ಘವಾದರೂ ಪ್ರಯಾಣಕ್ಕೆ ಪ್ರತಿಕೂಲ. ಆದಕಾರಣ ಡಿಸೆಂಬರಿನ ಕ್ರಿಸ್‌ಮಸ್ ರಜೆಯ ಅಲ್ಪಾವಕಾಶವೇ ಸಾಮಾನ್ಯವಾಗಿ ಇಂಥ ಸಭೆಗಳಿಗೆ ಗತಿಯಾಯಿತು. ಆತಿಥ್ಯ ವಹಿಸುವ ಕಾಲೇಜು ಬೇಕು, ದೂರದಿಂದ ಬಂದವರಿಗೆ ವಿದ್ಯಾರ್ಥಿನಿಲಯದಲ್ಲಿ ಇಳಿದುಕೊಳ್ಳಲು ಕೊಠಡಿಗಳು ಬೇಕು, ಊಟದ ಪಂಕ್ತಿಯಲ್ಲಿ ಒಬ್ಬೊಬ್ಬರ ಆಚಾರಕ್ಕೂ ಎಡೆಯಿರಬೇಕು. ಓದಬೇಕಾದ ಪ್ರಬಂಧಗಳನ್ನು ಮುಂಚಿತವಾಗಿ ತರಿಸಿಕೊಂಡು, ಸಮವಿಷಯಗಳನ್ನು ಒಂದೆಡೆ ಸೇರಿಸಿ, ಹಿರಿಯರಿಗೆ ಬೇಸರವಾಗದಂತೆ ಕಿರಿಯರಿಗೂ ಅವಕಾಶ ಕೊಟ್ಟು ಅನುಕ್ರಮಣಿಕೆಯನ್ನು ಸಿದ್ಧಪಡಿಸಬೇಕು. ಇದರ ಮೇಲೆ ಸಂಘವು ಒಂದೇ ಪ್ರಾಂತದ ಸೊತ್ತಲ್ಲವೆಂಬುದನ್ನು ತೋರಿಸಲು ಸ್ಥಳವನ್ನು ಬದಲಾಯಿಸುತ್ತಲೂ ಇರಬೇಕು. ಅಂತೆಯೇ ಎರಡನೆಯ ಸಮ್ಮೇಳನವು 1919ರಲ್ಲಿ ಮುಂಬಯಿಯಲ್ಲಿಯೂ ಮೂರನೆಯದು 1921ರಲ್ಲಿ ದೂರದ ಲಾಹೋರಿನಲ್ಲಿಯೂ ನಡೆದುವು. ದಕ್ಷಿಣದ ಒಂದು ಸಣ್ಣ ಊರಿನಿಂದ ಹೊರಟ ಸಂಘವು ಹದಿನಾಲ್ಕು ವರ್ಷಗಳಲ್ಲಿ ಪಂಜಾಬನ್ನು ಮುಟ್ಟಿತು. ಬಹುಕಾಲ ಎರಡು ಮೂರು ವರ್ಷಗಳಿಗೊಮ್ಮೆ ಸೇರುತ್ತಿದ್ದ ಈ ಸಭೆಯು 1950ರ ದಶಕದಿಂದೀಚೆಗೆ ಪ್ರತಿವರ್ಷವೂ ಸೇರತೊಡಗಿತು.

ಬೆಳೆದ ಸಂಘಕ್ಕೆ ಬೆಳವಣಿಗೆಯ ಸಂಕಟಗಳೂ ತಪ್ಪಲಿಲ್ಲ. ಗಣಿತ ಸಂಘವೆಂಬುದು ಸಂಶೋಧಕನದೋ ಉಪಾಧ್ಯಾಯನದೋ ಎಂಬ ಪ್ರಶ್ನೆಯು ಎಲ್ಲ ದೇಶಗಳಲ್ಲಿಯೂ ಇಂಥ ಸಂಸ್ಥೆಗಳನ್ನು ಕಾಡಿದೆ. ಇಂಗ್ಲೆಂಡಿನಲ್ಲಿ ಲಂಡನ್ ಗಣಿತ ಸಂಘವಿದ್ದರೂ, ರೇಖಾಗಣಿತದ ಬೋಧನೆಯನ್ನು ಸುಧಾರಿಸುವುದಕ್ಕೆಂದೇ 1871ರಲ್ಲಿ ಬೇರೊಂದು ಸಂಘವು ಹುಟ್ಟಬೇಕಾಯಿತು. 1927ರಲ್ಲಿ ನಾರಣಯ್ಯಂಗಾರ್ ಅವರಿಂದ ಪತ್ರಿಕೆಯ ಹೊಣೆಯನ್ನು ವಹಿಸಿಕೊಂಡ ಆರ್. ವೈದ್ಯನಾಥಸ್ವಾಮಿಯವರ ಕಾಲಕ್ಕೆ ನಮ್ಮ ವಿಶ್ವವಿದ್ಯಾನಿಲಯಗಳಲ್ಲಿ ಸಂಶೋಧನೆಯು ಬೇರೂರಿ, ಪತ್ರಿಕೆಗೆ ಬರುವ ಪ್ರಬಂಧಗಳು ಸಾಮಾನ್ಯ ಸದಸ್ಯನ ಅಳವನ್ನು ಮೀರತೊಡಗಿದ್ದುವು. ಸಂಘವು ಇದಕ್ಕೆ ಕಂಡುಕೊಂಡ ಪರಿಹಾರ ಒಡಕಿಲ್ಲದ ವಿಭಜನೆ: 1933ರಲ್ಲಿ ಎ. ನರಸಿಂಗರಾಯರ ಸಂಪಾದಕತ್ವದಲ್ಲಿ ‘ಮ್ಯಾಥಮ್ಯಾಟಿಕ್ಸ್ ಸ್ಟೂಡೆಂಟ್’ ಎಂಬ ಎರಡನೆಯ ಪತ್ರಿಕೆ ಹೊರಟು ಬೋಧನೆ, ಪ್ರಶ್ನೆಗಳು, ಗ್ರಂಥವಿಮರ್ಶೆ, ಸಂಘದ ವಾರ್ತೆಗಳನ್ನು ವಹಿಸಿಕೊಂಡಿತು. ಹಳೆಯ ಪತ್ರಿಕೆಯು ಹೊಸ ಮಾಲೆಯಾಗಿ ಸಂಶೋಧನೆಗೇ ಮೀಸಲಾಯಿತು. ಎರಡೂ ಇಂದಿಗೂ ನಡೆಯುತ್ತಿವೆ. 1936ರಲ್ಲಿ ರಾಮಸ್ವಾಮಿ ಅಯ್ಯರ್ ಕಾಲವಾದಾಗ, ಪುಸ್ತಕ ಹಂಚಿಕೊಳ್ಳಲೆಂದು ತಾವು ಕಟ್ಟಿದ ಕೂಟವು ಎರಡು ಪತ್ರಿಕೆಗಳನ್ನು ನಡೆಸುವ ಅಖಿಲಭಾರತ ಸಂಸ್ಥೆಯಾಗಿದ್ದುದನ್ನು ಕಂಡೇ ಹೋದರು.

ನಮ್ಮ ನಾಡಿನ ಜಿಲ್ಲೆ ಜಿಲ್ಲೆಗಳಲ್ಲಿಯೂ ಇಂದು ಗಣಿತ ಅಧ್ಯಾಪಕರ ಸಂಘಗಳು ಇವೆ, ಇನ್ನೂ ಹುಟ್ಟುತ್ತಲೂ ಇವೆ. ಅವುಗಳ ಕಾರ್ಯದರ್ಶಿಗಳಿಗೆ ಈ ಚರಿತ್ರೆಯಿಂದ ಮೂರು ಮಾತುಗಳನ್ನು ವಿನಯದಿಂದ ಹೇಳಬಹುದು. ಸದಸ್ಯರಿಗೆ ಓದಲು ಏನಾದರೊಂದನ್ನು ನಿಯತವಾಗಿ ತಲಪಿಸಿರಿ. ಬಿಡಿಸಲು ಒಂದು ಪ್ರಶ್ನೆಯನ್ನು ನಿಯತವಾಗಿ ಕೊಡಿರಿ. ಹೆಸರಿಲ್ಲದವನೊಬ್ಬನು ಅರ್ಥವಾಗದ ಉತ್ತರವನ್ನು ಕಳುಹಿಸಿದಾಗ ಅದನ್ನು ಎರಡನೆಯ ಸಲವೂ ಓದಿ, ತಿದ್ದಿ ಬರೆಯುವಂತೆ ಹೇಳಿ ಕಳುಹಿಸಿರಿ. ಇಷ್ಟನ್ನು ಕೆಲವು ವರ್ಷ ತಪ್ಪದೆ ನಡೆಸಿದ ಮೇಲೆ ಸಮ್ಮೇಳನದ ಪೆಂಡಾಲನ್ನು ಎತ್ತಿಸಿದರೆ, ಅಲ್ಲಿಗೆ ಬಂದು ಕೂರುವವರು ಭಾಷಣಗಳಿಗಾಗಿ ಅಲ್ಲದೆ ಗಣಿತಕ್ಕಾಗಿಯೇ ಬಂದವರಾಗಿರುತ್ತಾರೆ.